ರಾತ್ರಿ ಮಾತ್ರ ಕುಡಿಯುತ್ತಾಳೆ ಎಂದಿರಲ್ಲ

ದಾವಣಗೆರೆಯಿಂದ ಬಂದ ಪತ್ರ ಮೂರು ಪುಟದ್ದು. ಚಿಕ್ಕದಾಗಿ ಹೇಳುತ್ತೇನೆ. ಬರೆದವರಿಗೆ 32 ವರ್ಷ, ಬ್ಯಾಂಕಿನಲ್ಲಿ ಕೆಲಸ. ಮಗನಿಗೆ ಐದು ವರ್ಷ, ಮಗಳಿಗೆ ಒಂದು ವರ್ಷ ಎರಡು ತಿಂಗಳು. ಎರಡನೇ ಬಾಣಂತನ ಮುಗಿಯುವಷ್ಟರಲ್ಲಿ ಎದೆ ಕರಗಿ ಜೋತುಬಿದ್ದಿದೆ, ಬ್ಲೌಸಿನ ಅಳತೆ ಕೊಡಲು ಹೋದಾಗಲೆಲ್ಲ ಅಳು ಬರುತ್ತದೆ. ಗೃಹಪ್ರವೇಶವೊಂದರಲ್ಲಿ ವಾರಗಿತ್ತಿ ನಾಲ್ಕು ಜನರ ಎದುರು ಆಡಿದ ಮಾತು ಇನ್ನೂ ಚುಚ್ಚುತ್ತಿದೆ. ಚೀಟಿ ಎತ್ತಿದ 1.8 ಲಕ್ಷ ರೂಪಾಯಿ ಕೈಲಿದೆ. ಬೆಂಗಳೂರಿನ ಒಂದು ಕ್ಲಿನಿಕ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಕಳಿಸಿದ್ದಾರೆ. ಅಲ್ಲಿನ ಕೌನ್ಸೆಲರ್ ಫೋನಿನಲ್ಲೇ 350 ಸಿಸಿ (ಮಿ.ಲೀ.) ಇಂಪ್ಲಾಂಟ್, ಅಂದರೆ ಎದೆ ತುಂಬಿಸಲು ಒಳಗಿಡುವ ಸಿಲಿಕಾನ್ ಜೆಲ್ ಚೀಲ, ಎಂದು ತೀರ್ಮಾನಿಸಿ, ‘ಭಾನುವಾರದೊಳಗೆ ಬುಕ್ ಮಾಡಿದರೆ ಇಪ್ಪತ್ತು ಪರ್ಸೆಂಟ್ ಕಡಿಮೆ’ ಎಂದಿದ್ದಾಳೆ. 25,000 ಅಡ್ವಾನ್ಸ್ ಹೋಗಿದೆ. ಆಪರೇಷನ್‌ಗೆ ಉಳಿದಿರುವುದು ಮೂರು ವಾರ. ಬೆಳಿಗ್ಗೆ ಅಡ್ಮಿಟ್, ಅದೇ ರಾತ್ರಿ ಬಸ್ಸಿಗೆ ಊರಿಗೆ ವಾಪಸ್. ಗಂಡ ‘ನಿನ್ನಿಷ್ಟ’ ಅಂದಿದ್ದಾರೆ. ಕೇಳಿರುವುದು ಎರಡೇ ಪ್ರಶ್ನೆ: ಇದು ಷೋಕಿಯಾ? ಅತ್ತೆಗೆ ಹೇಳಬೇಕಾ?

ಷೋಕಿ ಅಂತಲೇ ಇಟ್ಟುಕೊಳ್ಳಿ, ಏನಾಯಿತು? ನಿಮ್ಮ ದುಡ್ಡು, ನಿಮ್ಮ ಮೈ. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೇ ಪುಟದಲ್ಲಿ ಆವರಣದೊಳಗೆ ನೀವು ಬರೆದ ಒಂದೇ ಒಂದು ಸಾಲು: ‘ಮಗಳು ಈಗ ರಾತ್ರಿ ಮಾತ್ರ ಕುಡಿಯುತ್ತಾಳೆ’. ವಾರಗಿತ್ತಿಗೆ ಹನ್ನೆರಡು ಸಾಲು ಕೊಟ್ಟಿದ್ದೀರಿ, ಇದಕ್ಕೆ ಒಂದು ಆವರಣ. ನಿಮ್ಮ ಇಡೀ ಯೋಜನೆ ತಲೆಕೆಳಗಾಗುವುದು ಆ ಆವರಣದಲ್ಲಿ.

ರಾತ್ರಿ ಒಂದು ಸಲ ಕುಡಿದರೂ ಅದು ಹಾಲುಣಿಸುವ ಎದೆಯೇ. ಹಾಲಿನ ಗ್ರಂಥಿಗಳು ಇನ್ನೂ ಕೆಲಸದಲ್ಲಿವೆ, ರಕ್ತ ಸಂಚಾರ ಹೆಚ್ಚಿದೆ, ಬೆಳಿಗ್ಗೆ ಇದ್ದ ಗಾತ್ರ ಸಂಜೆಗೆ ಇರುವುದಿಲ್ಲ. ಹಾಲಿನ ನಾಳಗಳಲ್ಲಿ ಸಹಜವಾಗಿಯೇ ಬ್ಯಾಕ್ಟೀರಿಯಾ ಇರುತ್ತವೆ. ಹಾಲು ತುಂಬಿದ ನಾಳ ಆಪರೇಷನ್‌ನಲ್ಲಿ ತುಂಡಾದರೆ ಆ ಹಾಲು ಇಂಪ್ಲಾಂಟ್ ಇಟ್ಟ ಜಾಗಕ್ಕೆ ಇಳಿಯಬಹುದು. ಅಲ್ಲಿ ಸೋಂಕು ಹಿಡಿದರೆ ಮಾತ್ರೆಯಲ್ಲಿ ಮುಗಿಯುತ್ತದೆ ಎಂಬ ಭರವಸೆ ಇಲ್ಲ. ಎಷ್ಟೋ ಸಲ ಇಂಪ್ಲಾಂಟನ್ನೇ ತೆಗೆದು, ತಿಂಗಳುಗಟ್ಟಲೆ ಕಾದು, ಇನ್ನೊಮ್ಮೆ ಟೇಬಲ್ ಹತ್ತಬೇಕಾಗುತ್ತದೆ. ಅದಕ್ಕೇ ಹಾಲು ಪೂರ್ತಿ ಬಿಡಿಸಿದ ಮೇಲೆ ಕನಿಷ್ಠ 3 ತಿಂಗಳು ಕಾಯಿಸುತ್ತಾರೆ, ಬಹಳಷ್ಟು ಪ್ಲಾಸ್ಟಿಕ್ ಸರ್ಜನ್‌ಗಳು 6 ತಿಂಗಳು ಎನ್ನುತ್ತಾರೆ. ನನ್ನ ಮತ ಆರಕ್ಕೆ. ಆ ಹೊತ್ತಿಗೆ ಹಿಂಡಿದರೂ ಹನಿ ಬರಬಾರದು, ತೂಕವೂ ಒಂದು ಹದಕ್ಕೆ ಬಂದು ನಿಂತಿರಬೇಕು.

ಆ ಕೌನ್ಸೆಲರ್ ಹುಡುಗಿ ನಿಮ್ಮನ್ನು ‘ಹಾಲು ಕುಡಿಸುತ್ತಿದ್ದೀರಾ’ ಎಂದು ಕೇಳಲೇ ಇಲ್ಲವಲ್ಲ. ನನಗೆ ಸಿಟ್ಟಿರುವುದು ಅವಳ ಮೇಲೆ, ಅವಳಿಗೆ ಆ ಕುರ್ಚಿ ಕೊಟ್ಟವರ ಮೇಲೆ. ಫೋಟೊ ನೋಡಿ 350 ಸಿಸಿ ಎನ್ನುವವಳು ಡಾಕ್ಟರಲ್ಲ, ಸೇಲ್ಸ್‌ನವಳು. ವಾರಗಿತ್ತಿ ಆಡಿದ್ದು ಕೆಟ್ಟ ಮಾತು, ನಿಜ. ಆದರೆ ಅವಳು ಕತ್ತರಿ ಹಿಡಿದು ಬಂದಿಲ್ಲ.

ಗಾತ್ರ ತೀರ್ಮಾನವಾಗುವುದು ಟೇಪಿನಿಂದ, ಸರ್ಜನ್ನರ ಬೆರಳಿನಿಂದ. ಮೊದಲು ಎದೆಯ ಬುಡದ ಅಗಲವನ್ನು ಸೆಂಟಿಮೀಟರ್‌ನಲ್ಲಿ ಅಳೆಯುತ್ತಾರೆ, ಇಂಪ್ಲಾಂಟಿನ ಅಗಲ ಅದನ್ನು ಮೀರಬಾರದು. ಮೇಲ್ಭಾಗದ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ದಪ್ಪ ನೋಡುತ್ತಾರೆ. 2 ಸೆಂಟಿಮೀಟರ್‌ಗಿಂತ ಕಡಿಮೆ ಸಿಕ್ಕರೆ ಸಾಮಾನ್ಯವಾಗಿ ಸ್ನಾಯುವಿನ ಅಡಿಗೆ ಇಡುತ್ತಾರೆ, ಇಲ್ಲದಿದ್ದರೆ ಇಂಪ್ಲಾಂಟಿನ ಅಂಚು, ಸುಕ್ಕು ಚರ್ಮದ ಮೇಲೇ ಕಾಣುತ್ತದೆ. ಮೂರನೆಯದು ಚರ್ಮವನ್ನು ಎಳೆದು ಹಿಡಿದಾಗ ತೊಟ್ಟಿನಿಂದ ಕೆಳಗಿನ ಮಡಿಕೆಗೆ ಇರುವ ದೂರ. ಹಾಲಿರುವ ಎದೆಯಲ್ಲಿ ಈ ಮೂರೂ ಅಳತೆ ಸುಳ್ಳು. ಒಂದು ಸಿಸಿ ಸಿಲಿಕಾನ್ ಜೆಲ್ ಹೆಚ್ಚುಕಡಿಮೆ ಒಂದು ಗ್ರಾಂ ತೂಗುತ್ತದೆ. 350 ಸಿಸಿಯ ಜೋಡಿ ಎಂದರೆ ಮುಕ್ಕಾಲು ಕೆ.ಜಿ. ಹತ್ತಿರ. ಸಡಿಲಾದ ಚರ್ಮ ಅದನ್ನು ಹೊರಬೇಕು, ದಿನವಿಡೀ, ವರ್ಷಗಟ್ಟಲೆ.

ಸಡಿಲಾದ ಚರ್ಮ ಎಂದೆ. ನೀವೇ ‘ಜೋತುಬಿದ್ದಿದೆ’ ಎಂದು ಬರೆದಿದ್ದೀರಿ. ಇಂಪ್ಲಾಂಟ್ ತುಂಬುತ್ತದೆಯೇ ಹೊರತು ಎತ್ತುವುದಿಲ್ಲ. ಬ್ರಾ ಇಲ್ಲದೆ ನಿಂತಾಗ ಮೊಲೆತೊಟ್ಟು ಕೆಳಗಿನ ಮಡಿಕೆಯ ಮಟ್ಟಕ್ಕಿಂತ ಮೇಲಿದ್ದರೆ ಬರೀ ಇಂಪ್ಲಾಂಟ್ ಸಾಕಾಗಬಹುದು. ಮಡಿಕೆಗಿಂತ ಕೆಳಗಿಳಿದಿದ್ದರೆ ಬೇಕಿರುವುದು ಲಿಫ್ಟ್, ಅಂದರೆ ಹೆಚ್ಚಾದ ಚರ್ಮ ತೆಗೆದು ಎದೆಯನ್ನು ಮೇಲೆತ್ತಿ ಹೊಲಿಯುವುದು. ಅದು ಬೇರೆಯೇ ಆಪರೇಷನ್, ಗಾಯದ ಗುರುತು ಜಾಸ್ತಿ, ಖರ್ಚೂ ಬೇರೆ. ಕೆಲವರಿಗೆ ಲಿಫ್ಟ್ ಒಂದರಲ್ಲೇ ಮನಸ್ಸು ತುಂಬುತ್ತದೆ, ಒಳಗೆ ಏನನ್ನೂ ಇಡಬೇಕಾಗುವುದಿಲ್ಲ. ಜೋತ ಎದೆಗೆ ದೊಡ್ಡ ಇಂಪ್ಲಾಂಟ್ ಹಾಕಿ ‘ಮೇಲೇಳುತ್ತದೆ’ ಎನ್ನುವವರು ಎರಡು ವರ್ಷದ ನಂತರ ಫೋನ್ ಎತ್ತುವುದಿಲ್ಲ. ಇನ್ನೊಂದು ಮಗುವಿನ ಯೋಚನೆ ಮೂಲೆಯಲ್ಲೆಲ್ಲೋ ಇದ್ದರೂ ಈಗಲೇ ಸರ್ಜನ್ನರಿಗೆ ಹೇಳಿ. ಮತ್ತೆ ಬಸಿರಾದರೆ ಚರ್ಮ ಮತ್ತೆ ಹಿಗ್ಗಿ ಕುಗ್ಗುತ್ತದೆ. ಹಾಗಿದ್ದರೆ ತೊಟ್ಟಿನ ಸುತ್ತಲ ಗಾಯ ಬೇಡವೆನ್ನಿ, ಅಲ್ಲಿ ನಾಳ ಮತ್ತು ನರ ಎರಡೂ ಕತ್ತರಿಸಿಹೋಗುವ ಸಂಭವ ಹೆಚ್ಚು. ಎದೆಯ ಕೆಳಮಡಿಕೆಯಲ್ಲಿ ಕೊಯ್ದರೆ ಗುರುತು ಮಡಿಕೆಯೊಳಗೇ ಅಡಗುತ್ತದೆ, ಸರ್ಜನ್ನರಿಗೂ ಜಾಗ ಚೆನ್ನಾಗಿ ಕಾಣುತ್ತದೆ.

‘ಲೈಫ್‌ಟೈಮ್ ಗ್ಯಾರಂಟಿ ಇದೆಯಂತೆ’ ಎಂದೂ ಬರೆದಿದ್ದೀರಿ. ಕಂಪನಿಯ ವಾರಂಟಿ ಕಾಗದ ತರಿಸಿ ಓದಿ. ಒಡೆದರೆ ಬದಲಿ ಇಂಪ್ಲಾಂಟ್ ಕೊಡುವ ಮಾತು ಅದರಲ್ಲಿರುತ್ತದೆ. ತೆಗೆಯುವ, ಮತ್ತೆ ಹಾಕುವ ಆಪರೇಷನ್, ಅರಿವಳಿಕೆ, ಆಸ್ಪತ್ರೆ ಬಿಲ್ಲು ಯಾರ ತಲೆಗೆ ಎಂಬುದನ್ನು ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಜೀವನಪೂರ್ತಿ ಬಾಳುವ ಇಂಪ್ಲಾಂಟ್ ಯಾರೂ ಮಾಡಿಲ್ಲ. ವರ್ಷ ಕಳೆದಂತೆ ಒಡೆಯುವ, ಬಿಗಿಯುವ ಸಂಭವ ಏರುತ್ತಲೇ ಹೋಗುತ್ತದೆ. 32ಕ್ಕೆ ಹಾಕಿಸಿಕೊಂಡವರು ಇನ್ನೊಂದು ಆಪರೇಷನ್ನಿನ ದುಡ್ಡನ್ನು ಇವತ್ತೇ ಲೆಕ್ಕಕ್ಕೆ ಹಿಡಿಯಬೇಕು.

ಬಿಗಿಯುವುದು ಎಂದರೆ ಹೀಗೆ. ಹೊರಗಿನ ವಸ್ತು ಒಳಹೊಕ್ಕರೆ ದೇಹ ಅದರ ಸುತ್ತ ತೆಳುವಾದ ಪೊರೆ ಕಟ್ಟುತ್ತದೆ, ಎಲ್ಲರಲ್ಲೂ. ಕೆಲವರಲ್ಲಿ ಆ ಪೊರೆ ಕುಗ್ಗಿ ಇಂಪ್ಲಾಂಟನ್ನು ಹಿಂಡುತ್ತದೆ. ಬೇಕರ್ ಮಾಪನದಲ್ಲಿ ಇದಕ್ಕೆ ನಾಲ್ಕು ಹಂತ. ಮೊದಲನೆಯದರಲ್ಲಿ ಎದೆ ಮೆತ್ತಗೇ ಇರುತ್ತದೆ, ನಾಲ್ಕನೆಯದರಲ್ಲಿ ಕಲ್ಲಿನಂತಾಗಿ ಆಕಾರ ಕೆಟ್ಟು ನೋಯುತ್ತದೆ. ಇಂಪ್ಲಾಂಟಿನ ಮೇಲೆ ಕೂತ ಅಲ್ಪಸ್ವಲ್ಪ ಬ್ಯಾಕ್ಟೀರಿಯಾ, ಒಳಗೆ ಹೆಪ್ಪುಗಟ್ಟಿದ ರಕ್ತ ಇದಕ್ಕೆ ದಾರಿ ಮಾಡಿಕೊಡುತ್ತವೆ. ಹಾಲಿನ ವಿಷಯದಲ್ಲಿ ನಾನು ಹಟ ಹಿಡಿದಿರುವುದು ಇದಕ್ಕೂ ಸೇರಿ. ಇನ್ನು ಸಿಲಿಕಾನ್ ಜೆಲ್ ಒಳಗೇ ಒಡೆದರೆ ಹೊರಗೆ ಸುಳಿವೇ ಸಿಗದಿರಬಹುದು. ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವಂತೆ ಹಾಕಿಸಿಕೊಂಡು 5-6 ವರ್ಷವಾದಾಗ ಮೊದಲ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ಆಮೇಲೆ 2-3 ವರ್ಷಕ್ಕೊಮ್ಮೆ. ಆ ಖರ್ಚೂ ನಿಮ್ಮದೇ. ಸೌಂದರ್ಯಕ್ಕಾಗಿ ಮಾಡಿಸುವ ಸರ್ಜರಿಯನ್ನು ನಮ್ಮ ಆರೋಗ್ಯ ವಿಮೆ ಪಾಲಿಸಿಗಳು ಹೊರಗಿಟ್ಟಿವೆ, ಆಸ್ಪತ್ರೆ ಸೇವೆಗಿರುವ ಜಿಎಸ್‌ಟಿ ವಿನಾಯಿತಿಯೂ ಇದಕ್ಕಿಲ್ಲ. ಕೊಟ್ಟ ದರ ತೆರಿಗೆ ಸೇರಿದ್ದಾ ಎಂದು ಕೇಳಿದ್ದೀರಾ?

ಹೊರಮೈ ನಯವೋ ತರಿತರಿಯೋ ಎಂಬುದನ್ನೂ ಕೇಳಿ. 2019ರ ಜುಲೈನಲ್ಲಿ ಅಲರ್ಗನ್ ಕಂಪನಿ ತನ್ನ ತರಿ ಮೈಯ ಬಯೋಸೆಲ್ ಇಂಪ್ಲಾಂಟ್‌ಗಳನ್ನು ಎಫ್‌ಡಿಎ ಕೋರಿಕೆಯ ಮೇಲೆ ಪ್ರಪಂಚದಾದ್ಯಂತ ವಾಪಸ್ ಪಡೆಯಿತು. ಅವುಗಳ ಸುತ್ತಲಿನ ಪೊರೆಯಲ್ಲಿ ಲಿಂಫೋಮಾ ಕ್ಯಾನ್ಸರಿನ ಒಂದು ಅಪರೂಪದ ಬಗೆ ಕಾಣಿಸಿಕೊಂಡಿತ್ತು. ವರ್ಷಗಳ ನಂತರ ಒಂದು ಕಡೆಯ ಎದೆ ಇದ್ದಕ್ಕಿದ್ದಂತೆ ನೀರು ತುಂಬಿ ಊದಿಕೊಳ್ಳುವುದು ಅದರ ಮುಖ್ಯ ಲಕ್ಷಣ. ಫ್ರಾನ್ಸಿನ ಪಿಐಪಿ ಕಂಪನಿ ಕೈಗಾರಿಕೆಗೆ ಬಳಸುವ ಸಿಲಿಕಾನ್ ತುಂಬಿ ಮಾರಿದ್ದು 2010ರಲ್ಲಿ ಹೊರಬಿತ್ತು. ಆಗ ಇಂಪ್ಲಾಂಟ್ ಹಾಕಿಸಿಕೊಂಡಿದ್ದವರಿಗೆ ತಮ್ಮೊಳಗೆ ಯಾವ ಕಂಪನಿಯದು ಇದೆ ಎಂದು ತಿಳಿಯಲು ಕಾಗದ ಬೇಕಾಯಿತು. ಪ್ರತಿ ಇಂಪ್ಲಾಂಟ್ ಡಬ್ಬದಲ್ಲೂ ಕಂಪನಿ, ಮಾಡೆಲ್, ಸೀರಿಯಲ್ ನಂಬರಿನ ಸ್ಟಿಕ್ಕರ್ ಬರುತ್ತದೆ. ಎಡದ್ದೊಂದು, ಬಲದ್ದೊಂದು ಕಾರ್ಡಿಗೆ ಅಂಟಿಸಿ ನಿಮ್ಮ ಕೈಗೆ ಬರಬೇಕು. ಅದನ್ನು ಮಕ್ಕಳ ಲಸಿಕೆ ಕಾರ್ಡಿನ ಜೊತೆ ಎತ್ತಿಡಿ. ಮುಂದೆ ಮ್ಯಾಮೊಗ್ರಾಂ ಮಾಡುವವರಿಗೆ ಮೊದಲೇ ತೋರಿಸಿದರೆ ಇಂಪ್ಲಾಂಟನ್ನು ಹಿಂದಕ್ಕೆ ಸರಿಸಿ ಹೆಚ್ಚುವರಿ ಚಿತ್ರ ತೆಗೆಯುತ್ತಾರೆ.

ಈಗ ನಿಮ್ಮ ಎರಡನೇ ಪ್ರಶ್ನೆ. ಕಾನೂನಿನ ಪ್ರಕಾರ ಅತ್ತೆಯ ಅನುಮತಿ ಬೇಡ, ಗಂಡನದೂ ಬೇಡ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ: ವಯಸ್ಕ ಹೆಣ್ಣುಮಗಳ ಚಿಕಿತ್ಸೆಗೆ ಅವಳದೇ ಒಪ್ಪಿಗೆ ಬೇಕು, ಅಲ್ಲಿ ತಾಯಿ ಹಾಕಿದ ಸಹಿಯೂ ನಡೆಯಲಿಲ್ಲ. ಆದರೂ ಅತ್ತೆಗೆ ಹೇಳಿ, ಕಾರಣ ತೋಳಿನ ಲೆಕ್ಕ. ಆಪರೇಷನ್ ಆದ ಮೇಲೆ ನಾಲ್ಕರಿಂದ ಆರು ವಾರ ಭಾರ ಎತ್ತುವಂತಿಲ್ಲ, ಕೈಯನ್ನು ಭುಜದಿಂದ ಮೇಲಕ್ಕೆ ಚಾಚುವಂತಿಲ್ಲ. ಹದಿನಾಲ್ಕು ತಿಂಗಳ ಕೂಸು ಒಂಬತ್ತು ಕೆ.ಜಿ. ಹತ್ತಿರ ಇರುತ್ತದೆ, ‘ಎತ್ಕೋ’ ಅಂತ ಕಾಲು ಹಿಡಿಯುತ್ತದೆ. ಆರು ವಾರ ಅವಳನ್ನು ತೊಟ್ಟಿಲಿನಿಂದ ಎತ್ತುವವರು ಯಾರು, ಅಟ್ಟದ ಡಬ್ಬ ಇಳಿಸುವವರು ಯಾರು? ಅಷ್ಟು ದಿನ ಮುಚ್ಚಿಟ್ಟುಕೊಂಡು ಆ ಮನೆಯಲ್ಲಿ ಇರಲಾಗುವುದಿಲ್ಲ. ನಿಮ್ಮ ಪತ್ರದಲ್ಲಿ ಅತ್ತೆ ಬರುವ ಕಡೆಯೆಲ್ಲ ಮಗುವನ್ನು ನೋಡಿಕೊಳ್ಳುತ್ತಲೇ ಇದ್ದಾರೆ. ಅವರ ಬಗ್ಗೆ ನನಗೆ ಭಯವಿಲ್ಲ. ಯಜಮಾನರ ‘ನಿನ್ನಿಷ್ಟ’ವನ್ನು ಆರು ವಾರದ ರಾತ್ರಿ ಪಾಳಿಗೆ ಹಚ್ಚಿ, ಆಗ ಅದಕ್ಕೊಂದು ಅರ್ಥ ಬರುತ್ತದೆ.

ರಾತ್ರಿ ಬಸ್ಸಂತೂ ಬೇಡವೇ ಬೇಡ. ಒಳಗೆ ರಕ್ತ ಸೋರಿ ತುಂಬುವ ತೊಂದರೆ ಬಂದರೆ ಹೆಚ್ಚಾಗಿ ಮೊದಲ 24-48 ಗಂಟೆಯಲ್ಲೇ. ಒಂದೇ ಕಡೆ ಎದೆ ಬಿರುಸಾಗಿ ಊದಿ, ಗಟ್ಟಿಯಾಗಿ, ಮಾತ್ರೆಗೆ ಜಗ್ಗದ ನೋವು ಬಂದರೆ ಕೂಡಲೇ ಮತ್ತೆ ಥಿಯೇಟರಿಗೆ ಒಯ್ಯಬೇಕು. ಅದು ಹಿರಿಯೂರಿನ ಹತ್ತಿರ ನಡುರಾತ್ರಿ ಶುರುವಾದರೆ ಏನು ಮಾಡುತ್ತೀರಿ? ಒಂದು ರಾತ್ರಿ ಆಸ್ಪತ್ರೆಯಲ್ಲೇ ಇರಿ, ಮೊದಲ ಡ್ರೆಸಿಂಗ್ ನೋಡುವವರೆಗೆ ಬೆಂಗಳೂರು ಬಿಡಬೇಡಿ.

ಆಸ್ಪತ್ರೆ ಎಂದೆ, ಕ್ಲಿನಿಕ್ ಎನ್ನಲಿಲ್ಲ. ಈ ಅಂಕಣ ಓದುವವರಿಗೆ ನನ್ನ ಹಳೇ ಪಲ್ಲವಿ ಗೊತ್ತು: ಹೆಸರು ಕೇಳಿ. ಕೊಯ್ಯುವವರ ಹೆಸರು, ಅರಿವಳಿಕೆ ಕೊಡುವವರ ಹೆಸರು, ಎರಡನ್ನೂ ಬರಹದಲ್ಲಿ. ಸರ್ಜನ್ನರ ಹೆಸರಿನ ಮುಂದೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಪದವಿ ಇರಬೇಕು, ‘ಕಾಸ್ಮೆಟಾಲಜಿ’ ಸರ್ಟಿಫಿಕೇಟು ಲೆಕ್ಕಕ್ಕಿಲ್ಲ. ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ತೆಗೆದುಕೊಂಡು ತಾಳೆ ನೋಡಿ. ಆಸ್ಪತ್ರೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಇದೆಯೇ, ಐಸಿಯು ಅದೇ ಕಟ್ಟಡದಲ್ಲಿದೆಯೇ ಎಂದು ಕೇಳಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿ ನೀವೂ ಓದಿರುತ್ತೀರಿ. ಪರಿಸ್ಥಿತಿ ಬಿಗಡಾಯಿಸಿದಾಗ ಅವರನ್ನು ಬೇರೆ ಆಸ್ಪತ್ರೆಗೆ ಸಾಗಿಸಲಾಗಿತ್ತು.

ಇಷ್ಟೆಲ್ಲ ಹೇಳಿದರೂ ಇವತ್ತು ನೀವು ಮಾಡಬೇಕಾದದ್ದು ಒಂದೇ: ಆ ದಿನಾಂಕ ರದ್ದು ಮಾಡಿ. ಉಳಿದದ್ದು ಆಮೇಲೆ. ಮಗಳ ಹಾಲನ್ನು ಬೇವು ಹಚ್ಚಿ ಒಂದೇ ರಾತ್ರಿಯಲ್ಲಿ ಬಿಡಿಸಬೇಡಿ, ಎದೆ ಕಟ್ಟಿ ಬಾವು ಬರುತ್ತದೆ. ಅವಳಾಗಿ ಬಿಡುವಂತೆ ದಿನ ಬಿಟ್ಟು ದಿನ ತಪ್ಪಿಸುತ್ತಾ ಬನ್ನಿ, ಅವಸರವೇನಿಲ್ಲ. ಆರು ತಿಂಗಳ ನಂತರವೂ ಮನಸ್ಸು ಹೀಗೇ ಇದ್ದರೆ ಹೊಸದಾಗಿ ಅಳತೆ ಕೊಡಿ, ಒಂದು ಅಲ್ಟ್ರಾಸೌಂಡ್ ಮಾಡಿಸಿ, ಇಬ್ಬರು ಸರ್ಜನ್‌ಗಳನ್ನು ಎದುರಿಗೆ ಕೂತು ಕಾಣಿ.

ರದ್ದು ಮಾಡುವಾಗ ಫೋನ್ ಮಾಡಬೇಡಿ, ಆ ಹುಡುಗಿ ಮಾತಿನಲ್ಲಿ ಗೆಲ್ಲುತ್ತಾಳೆ. ಇಮೇಲ್ ಕಳಿಸಿ: ‘ನಾನು ಹಾಲುಣಿಸುತ್ತಿದ್ದೇನೆ, ಬುಕಿಂಗ್ ವೇಳೆ ಇದನ್ನು ಯಾರೂ ವಿಚಾರಿಸಲಿಲ್ಲ, ಯಾವ ಡಾಕ್ಟರೂ ಪರೀಕ್ಷಿಸಿಲ್ಲ, ಅಡ್ವಾನ್ಸ್ ಹಿಂದಿರುಗಿಸಿ’. ನೀವು ಕಳಿಸಿದ ಫೋಟೊಗಳನ್ನು ಅಳಿಸಿಹಾಕಿ ಅದನ್ನು ಬರಹದಲ್ಲಿ ತಿಳಿಸಬೇಕೆಂದೂ ಅದರಲ್ಲೇ ಸೇರಿಸಿ. ವಾಟ್ಸ್‌ಆ್ಯಪ್ ಮಾತುಕತೆ, ಹಣ ಕಟ್ಟಿದ ರಸೀದಿ ತೆಗೆದಿಟ್ಟುಕೊಳ್ಳಿ. ಕೊಡುವುದಿಲ್ಲ ಎಂದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವಿರುವ ಊರಿನಲ್ಲೇ ದೂರು ಕೊಡಬಹುದು. ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗ ಸಾಕು, ಬೆಂಗಳೂರಿಗೆ ಅಲೆಯಬೇಕಿಲ್ಲ. ಐದು ಲಕ್ಷದವರೆಗಿನ ದೂರಿಗೆ ಶುಲ್ಕವೂ ಇಲ್ಲ.