ಕಚ್ಚುವುದು ಉಣುಗು, ಹೆಸರು ಮಂಗನಿಗೆ

ಸಾಗರದ ಕಡೆಯ ಓದುಗರೊಬ್ಬರ ಪತ್ರ: ‘ಬೇಸಿಗೆ ಬಂತೆಂದರೆ ಮಂಗನ ಕಾಯಿಲೆಯ ಭಯ. ತೋಟದಲ್ಲಿ ಒಂದು ಬಾಳೆಗೊನೆ ಉಳಿಯುವುದಿಲ್ಲ. ನೀವು ಮಾತ್ರ ಅಭಯಾರಣ್ಯ, ಸಂಶೋಧನೆ ಅಂತ ಬರೆಯುತ್ತೀರಿ. ಮಂಗಗಳನ್ನು ಹಿಡಿದು ದೂರ ಸಾಗಿಸಿದರೆ ರೋಗವೂ ಹೋಗುತ್ತದೆ, ತೋಟವೂ ಉಳಿಯುತ್ತದೆ. ಇದಕ್ಕೆ ಏನು ಸಂಶೋಧನೆ ಬೇಕು ಸ್ವಾಮಿ?’

ಉತ್ತರ: ತೋಟದ ಮಾತು ಒಪ್ಪಿದೆ. ಒಂದು ಬಾಳೆ ಗಿಡವನ್ನೂ ನೆಡದ ನಾನು ಅದರಲ್ಲಿ ನಿಮಗೆ ಬುದ್ಧಿ ಹೇಳುವ ಹಾಗಿಲ್ಲ. ಆದರೆ ಬಾಳೆಗೊನೆಯ ಸಿಟ್ಟನ್ನು ಕಾಯಿಲೆಯ ಲೆಕ್ಕಕ್ಕೆ ಬರೆದಿರಲ್ಲ, ಅಲ್ಲೇ ನಮ್ಮ ಜಗಳ. ಈ ಕಾಯಿಲೆಯನ್ನು ನಮಗೆ ಅಂಟಿಸುವುದು ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಸಣ್ಣ ಜೀವಿ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಜನ ಜ್ವರದಿಂದ ಸತ್ತರು. ಮುಸುವ, ಮಂಗ ಎರಡೂ ಸತ್ತವು. ಹಳದಿ ಜ್ವರ ಬಂತೇ ಎಂದು ತಜ್ಞರು ಗಾಬರಿಯಾದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ನೋಡಿದರೆ ಬೇರೆಯೇ ವೈರಸ್. ರಷ್ಯಾದಲ್ಲಿ ಉಣುಗಿನಿಂದ ಬರುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಹಾಗಾದರೆ ವಲಸೆ ಹಕ್ಕಿ ಹೊತ್ತು ತಂದಿತೇ? ಈ ಅನುಮಾನದ ಬೆನ್ನು ಹತ್ತಿಯೇ ಪಕ್ಷಿತಜ್ಞ ಸಲೀಂ ಅಲಿಯವರ ಬಳಗ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿತು. ಹಕ್ಕಿಯ ಮೇಲಿನ ಅಪವಾದ ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ನಮಗೆ ಎಷ್ಟೋ ತಿಳಿಯಿತು. ‘ಏನು ಸಂಶೋಧನೆ ಬೇಕು’ ಅಂದಿರಲ್ಲ, ಅದಕ್ಕೇ ಹೇಳಿದೆ.

ಈಗ ನಿಮ್ಮ ಕೊಟ್ಟಿಗೆಗೆ ಬರೋಣ. ಬಲಿತ ಉಣುಗಿಗೆ ದನದ ರಕ್ತವೆಂದರೆ ಹಬ್ಬದೂಟ. ಹೊಟ್ಟೆ ತುಂಬಿದ ಮೇಲೆ ಉದುರಿ ತರಗೆಲೆಯ ಅಡಿಯಲ್ಲಿ ರಾಶಿ ಮೊಟ್ಟೆಯಿಡುತ್ತದೆ. ಡಿಸೆಂಬರಿನಿಂದ ಮೇ ತನಕ ನಮ್ಮನ್ನು ಕಚ್ಚುವುದು ಜಾಸ್ತಿ ಎಳೆಯ ಉಣುಗು. ಸೋಂಕು ತಗುಲಿದ ಮಂಗ ಸತ್ತರೆ ಅದರ ಮೈಮೇಲಿನ ಉಣುಗೆಲ್ಲ ಕೆಳಗಿಳಿದು ಹೊಸ ಮೈಗೆ ಕಾಯುತ್ತವೆ. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಿಸಿದ್ದೇ ಉಣುಗಿಗೆ ಅನುಕೂಲವಾಯಿತೆಂದು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದರು. ದನಗಳನ್ನೂ ಸಾಗಿಸೋಣವೇ? ಮಂಗನನ್ನು ಲಾರಿ ಹತ್ತಿಸಿದರೆ ಉಣುಗೂ ಪುಕ್ಕಟೆ ಹತ್ತುತ್ತದೆ, ಅಲ್ವಾ?

ತೀರ್ಥಹಳ್ಳಿ ಕಡೆಯ ಗೆಳೆಯನ ಮನೆಗೆ ಹೋಗಿದ್ದೆ. ಅವನ ಅಮ್ಮ ಮೊಣಕಾಲ ತನಕ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಸವರಿಕೊಂಡು ಸೊಪ್ಪಿಗೆ ಹೋದರು. ವಾಪಸ್ ಬಂದವರು ನೇರ ಬಚ್ಚಲಿಗೆ. ಬಿಸಿನೀರು ಹುಯ್ದುಕೊಂಡು ಬಂದು, ಬಿಚ್ಚಿಟ್ಟ ಸೀರೆಯ ನೆರಿಗೆ ಬಿಡಿಸಿ ಟಾರ್ಚ್ ಹಿಡಿದು ನೋಡಿದರು. ಎಳ್ಳಿಗಿಂತ ಸಣ್ಣ ಚುಕ್ಕಿ. ಚುಕ್ಕಿಗೆ ಕಾಲಿತ್ತು. ‘ಮಂಗ ಸತ್ತು ಬಿದ್ರೆ ಆ ಕಡೆ ತಲೆ ಹಾಕಲ್ಲ ಮಾರಾಯ, ಆಸ್ಪತ್ರೆಗೆ ಫೋನ್ ಮಾಡ್ತೀವಿ. ಅದು ಸಾಯ್ದೇ ಇದ್ರೆ ನಮ್ಗೆ ಹೇಳೋರು ಯಾರು?’ ಅಂದರು. ಮಂಗಗಳನ್ನೆಲ್ಲ ಓಡಿಸಿದ ಮೇಲೆ ನಿಮಗೆ ಹೇಳೋರು ಯಾರು?

ಈ ಅಮ್ಮನಿಗೆ ಗೊತ್ತಿದ್ದದ್ದು ಎಲ್ಲರಿಗೂ ಮುಟ್ಟುವುದಿಲ್ಲ. 2012ರಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಎತ್ತಿ ಸುಟ್ಟ ಕೆಲಸಗಾರರಿಗೇ ಕಾಯಿಲೆ ತಗುಲಿತು. ಕಾಡೆಂದರೆ ನಮಗೆಲ್ಲ ಹುಲಿಯ ಲೆಕ್ಕ. ಹೆಣ ಎತ್ತುವ ದಿನಗೂಲಿಯವನ ಕೈಗವಸಿನ ಲೆಕ್ಕ ಯಾರೂ ಕೇಳುವುದಿಲ್ಲ. ಕಾಡು ಒಂದು ಇಲಾಖೆಯದು, ದನ ಇನ್ನೊಂದರದು, ಜ್ವರ ಮತ್ತೊಂದರದು. ಉಣುಗು ಯಾರದು? ಶರಾವತಿ ಕಣಿವೆಯ ಅರಳಗೋಡಿನಲ್ಲಿ 2018ರ ಕೊನೆಗೆ ಕಾಯಿಲೆ ಎದ್ದಾಗ ಇಡೀ ರಾಜ್ಯ ಅತ್ತ ತಿರುಗಿತು. ಮಳೆ ಬಿತ್ತು, ಮರೆತೆವು. ದಶಕಗಳಿಂದ ಕೊಡುತ್ತಿದ್ದ ಲಸಿಕೆಗೆ ಬಲ ಸಾಲದೆಂದು 2022ರಲ್ಲಿ ನಿಲ್ಲಿಸಿದರು. ಅದನ್ನೂ ಮರೆತೆವು. ನನ್ನ ತಕರಾರು ಸಂಶೋಧನೆ ಜಾಸ್ತಿಯಾಯಿತು ಅಂತಲ್ಲ, ಬೇಸಿಗೆಯಲ್ಲಿ ಮಾತ್ರ ನೆನಪಾಗುತ್ತದೆ ಅಂತ. ಊರಿನವರ ರಕ್ತದ ಬಾಟಲಿ ಹೋಗುತ್ತದೆ, ಇಂಗ್ಲಿಷಿನಲ್ಲಿ ಲೇಖನ ಬರುತ್ತದೆ. ರಕ್ತ ಕೊಟ್ಟವರಿಗೆ ಕನ್ನಡದಲ್ಲಿ ಒಂದು ಚೀಟಿಯಾದರೂ ಬೇಡವೇ?

ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಸುಮ್ನೆ ನನ್ನ ಮೇಲೆ ಖರ್ಚು ಮಾಡಬೇಡಿ, ಆ ಚೀಟಿ ಎಲ್ಲಿ ಎಂದು ಕೇಳಿ ಒಂದು ಅರ್ಜಿ ಬರೆಯಿರಿ. ಅಂದ ಹಾಗೆ, ಬಾಳೆಗೊನೆಗೆ ಗೋಣಿಚೀಲ ಕಟ್ಟಿ ನೋಡಿದಿರಾ? ಗೆಳೆಯನ ಅಮ್ಮ ಕಟ್ಟುತ್ತಾರೆ. ಅರ್ಧ ಉಳಿಯುತ್ತದಂತೆ.