ಬೇಕರಿಯಲ್ಲಿ ಬಾಯಿಬಿಟ್ಟ ಹುಡುಗಿ

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಆರು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರ ಇದ್ದೇವೆ. ಮಗಳಿಗೆ ಹನ್ನೊಂದು ವರ್ಷ. ಗಿಮ್ನಾಜಿಯಂನಲ್ಲಿ (ವಿಶ್ವವಿದ್ಯಾಲಯಕ್ಕೆ ಸಿದ್ಧಮಾಡುವ ಶಾಲೆ) ಐದನೇ ತರಗತಿ. ಆರನೇ ತರಗತಿಯಿಂದ ಇಂಗ್ಲಿಷಿನ ಜೊತೆ ಲ್ಯಾಟಿನ್ ಅಥವಾ ಫ್ರೆಂಚ್ ಕಲಿಯಬೇಕು, ಯಾವುದೆಂದು ಫಾರಂ ತುಂಬಿ ಕೊಡಬೇಕು. ನಮ್ಮ ಯಜಮಾನರು ಲ್ಯಾಟಿನ್ನೇ ಆಗಬೇಕು ಅನ್ನುತ್ತಾರೆ. ಡಾಕ್ಟರ್ ಆಗಲು ಅದು ಬೇಕಂತೆ, ನಮ್ಮ ಸಂಸ್ಕೃತದ ಹಾಗೆ ಬುದ್ಧಿ ಚುರುಕಾಗುತ್ತದಂತೆ. ಮಗಳಿಗೆ ಫ್ರೆಂಚ್ ಬೇಕು, ಗೆಳತಿ ಅದನ್ನೇ ತಗೊಳ್ಳುತ್ತಿದ್ದಾಳೆ. ಇವಳು ತುಂಬಾ ನಾಚಿಕೆಯವಳು. ಕ್ಲಾಸಿನಲ್ಲಿ ಕೈ ಎತ್ತುವುದಿಲ್ಲ. ಹೋದ ವರ್ಷ ಊರಿಗೆ ಬಂದಾಗ ಅವಳ ಕನ್ನಡ ಕೇಳಿ ಎಲ್ಲರೂ ನಕ್ಕಿದ್ದರು. ಅಂದಿನಿಂದ ಅಜ್ಜಿಯ ಜೊತೆ ಫೋನಿನಲ್ಲೂ ಮಾತಾಡುವುದಿಲ್ಲ. (ರಜೆಯಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ಗೆ ಹೋದಾಗ ಮಾತ್ರ ಬೇಕರಿಗೆ ಒಬ್ಬಳೇ ಹೋಗಿ ಫ್ರೆಂಚಿನಲ್ಲಿ ಕೇಳಿ ಬ್ರೆಡ್ ತಂದಳು!) ನನಗೆ ಎರಡೂ ಭಾಷೆ ಬಾರದು, ಜರ್ಮನ್ನೂ ಅಷ್ಟಕ್ಕಷ್ಟೆ. ಹೋಮ್‌ವರ್ಕಿಗೆ ನೆರವಾಗಲಾರೆ. ಮನೆಯಲ್ಲಿ ದಿನಾ ಇದೇ ಜಗಳ. ತಪ್ಪು ಆರಿಸಿದರೆ ಅವಳ ಭವಿಷ್ಯ ಹಾಳಾಗುತ್ತದಾ?
– ಹೆಸರು ಬೇಡ, ಸ್ಟುಟ್‌ಗಾರ್ಟ್

ಉತ್ತರ: ಇಲ್ಲಮ್ಮಾ, ಹಾಳಾಗುವುದಿಲ್ಲ. ಮೊದಲು ಅದೊಂದನ್ನು ತಲೆಯಿಂದ ತೆಗೆದುಹಾಕಿ.

ನಿಮ್ಮ ಯಜಮಾನರ ಡಾಕ್ಟರ್ ಮಾತಿನಿಂದ ಶುರು ಮಾಡೋಣ. ಜರ್ಮನಿಯಲ್ಲಿ ವೈದ್ಯಕೀಯ ಓದಲು ಶಾಲೆಯ ಲ್ಯಾಟಿನ್ ಕಡ್ಡಾಯವಲ್ಲ. ಕಾನೂನು ಓದಲೂ ಬೇಡ. ಮೆಡಿಕಲ್ ಸೇರಿದ ಮೇಲೆ ವೈದ್ಯಕೀಯ ಪದಗಳಿಗೆಂದೇ ಒಂದು ಕೋರ್ಸ್ ಇರುತ್ತದೆ, ಎಲ್ಲರೂ ಮಾಡಲೇಬೇಕು. ಬೇಕಾದಷ್ಟು ಲ್ಯಾಟಿನ್, ಗ್ರೀಕ್ ಪದಗಳು ಅಲ್ಲೇ ಸಿಗುತ್ತವೆ. ಸೀಟು ಸಿಗಲು ಮುಖ್ಯವಾಗಿ ನೋಡುವುದು ಅಬಿಟೂರ್, ಅಂದರೆ ಶಾಲೆ ಮುಗಿಸುವಾಗಿನ ಕೊನೆಯ ಪರೀಕ್ಷೆಯ ಅಂಕ. ಲ್ಯಾಟಿನ್ ಪ್ರಮಾಣಪತ್ರ ಕೇಳುವುದು ಬೇರೆ ಕಡೆ: ದೇವಶಾಸ್ತ್ರ, ಕೆಲವು ವಿಶ್ವವಿದ್ಯಾಲಯಗಳಲ್ಲಿ ಇತಿಹಾಸ, ಇನ್ನು ಲ್ಯಾಟಿನ್ ಮೇಷ್ಟ್ರಾಗುವವರಿಗಂತೂ ಸರಿಯೇ. ಆ ಪ್ರಮಾಣಪತ್ರಕ್ಕೆ ‘ಲ್ಯಾಟಿನುಮ್’ ಅನ್ನುತ್ತಾರೆ. ಮುಂದೆ ಅವಳಿಗೆ ಅಂಥ ಆಸೆ ಬಂದರೆ ವಿಶ್ವವಿದ್ಯಾಲಯದಲ್ಲೇ ಕಲಿತು ಪರೀಕ್ಷೆ ಬರೆಯಬಹುದು. ಬೆವರು ಇಳಿಯುತ್ತದೆ, ಆದರೆ ಬಾಗಿಲೇನೂ ಮುಚ್ಚಿರುವುದಿಲ್ಲ.

ಬುದ್ಧಿ ಚುರುಕಾಗುವ ವಿಚಾರ ನನಗೆ ಸ್ವಲ್ಪ ಹತ್ತಿರದ್ದು. ನಾನು ಎಸ್ಸೆಸ್ಸೆಲ್ಸಿಯಲ್ಲಿ ಸಂಸ್ಕೃತವನ್ನು ಮೊದಲ ಭಾಷೆಯಾಗಿ ತಗೊಂಡವಳು. ಯಾಕೆ ಗೊತ್ತಾ? ಅದು 125 ಅಂಕದ ‘ಸ್ಕೋರಿಂಗ್ ಸಬ್ಜೆಕ್ಟ್’. ಅಂಕ ಭರ್ಜರಿಯಾಗಿ ಬಂತು. ಅಪ್ಪ ಬೀದಿಗೆಲ್ಲ ಪೇಡೆ ಹಂಚಿದರು. ಇವತ್ತು ದೇವಸ್ಥಾನದ ಗೋಡೆಯ ಮೇಲಿನ ಒಂದು ಶ್ಲೋಕ ಕಣ್ಣೆದುರು ಬಂದರೆ ಕನ್ನಡ ಅರ್ಥ ಎಲ್ಲಿದೆ ಎಂದು ಕೆಳಗೆ ಹುಡುಕುತ್ತೇನೆ. ತಪ್ಪು ಸಂಸ್ಕೃತದ್ದಲ್ಲ, ಇಷ್ಟವಿಲ್ಲದೆ ಕಲಿತ ನನ್ನದು.

ಜರ್ಮನಿಯಲ್ಲೇ ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಲುಡ್ವಿಗ್ ಹಾಗ್ ಮತ್ತು ಎಲ್ಸ್‌ಬೆತ್ ಶ್ಟೆರ್ನ್ ಎಂಬ ಇಬ್ಬರು ಸಂಶೋಧಕರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಶಾಲೆಯಲ್ಲಿ ಲ್ಯಾಟಿನ್ ಕಲಿತವರು, ಫ್ರೆಂಚ್ ಕಲಿತವರು, ಇಬ್ಬರಿಗೂ ಸ್ಪ್ಯಾನಿಷ್ ಕೋರ್ಸ್ ಆದ ಮೇಲೆ ಪರೀಕ್ಷೆ. ಲ್ಯಾಟಿನ್ ಬಂದರೆ ಅದರ ಮಕ್ಕಳಾದ ಸ್ಪ್ಯಾನಿಷ್, ಫ್ರೆಂಚ್ ಥರದ ಭಾಷೆಗಳು ಸುಲಭ ಅಂತಾರಲ್ಲ, ಅದು ನಿಜವೇ ಎಂದು ನೋಡುವುದಕ್ಕೆ. ಫ್ರೆಂಚ್ ಗುಂಪೇ ಮುಂದೆ ಬಂತು. ಒಂದು ಅಧ್ಯಯನದಿಂದ ಲೋಕ ತೀರ್ಮಾನವಾಗುವುದಿಲ್ಲ, ನಿಜ. ಆದರೆ ‘ಲ್ಯಾಟಿನ್ ಇಲ್ಲದಿದ್ದರೆ ತಲೆ ಮೊಂಡು’ ಎಂಬ ಹೆದರಿಕೆಗೆ ಇಷ್ಟು ಸಾಕು.

ಹಾಗಂತ ಲ್ಯಾಟಿನ್ ಬೇಡ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಮಗಳಂಥ ಮಕ್ಕಳಿಗೆ ಅದರಲ್ಲಿ ಒಂದು ಅನುಕೂಲ ಇದೆ, ಇದನ್ನು ನಿಮ್ಮವರು ಹೇಳಲೇ ಇಲ್ಲ ನೋಡಿ. ಲ್ಯಾಟಿನ್ ಪಾಠ ನಡೆಯುವುದು ಜರ್ಮನ್‌ನಲ್ಲಿ. ಒಂದೊಂದು ವಾಕ್ಯವನ್ನೂ ಬಿಡಿಸಿ, ಜೋಡಿಸಿ, ಒಳ್ಳೆಯ ಜರ್ಮನ್‌ಗೆ ತರಬೇಕು. ಮಾತಾಡುವ, ಉಚ್ಚಾರಣೆ ಒಪ್ಪಿಸುವ ಒತ್ತಡ ಕಡಿಮೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಕ್ಕಳ ಜರ್ಮನ್ ಇದರಿಂದ ಗಟ್ಟಿಯಾಗುತ್ತದೆ ಎಂಬ ನಂಬಿಕೆಯಿಂದ ಬರ್ಲಿನ್ನಿನ ಹುಂಬೋಲ್ಟ್ ವಿಶ್ವವಿದ್ಯಾಲಯದವರು ಒಂದು ಶಾಲೆಯ ಜೊತೆ ಸೇರಿ ಒಂದು ಯೋಜನೆಯನ್ನೇ ನಡೆಸಿದರು. ಹೆಸರು ‘ಪೊನ್ಸ್ ಲಾಟಿನುಸ್’, ಅಂದರೆ ಲ್ಯಾಟಿನ್ ಸೇತುವೆ.

ಇನ್ನೊಂದು ಸಂಗತಿ. ಹೋಮ್‌ವರ್ಕಿಗೆ ನೆರವಾಗಲಾರೆ ಎಂದು ಬರೆದಿದ್ದೀರಿ. ಲ್ಯಾಟಿನ್ನಿನ ಒಂದು ಪುಟ್ಟ ವಾಕ್ಯ ಕೇಳಿ: ‘ಪುಯೆಲ್ಲಾ ರೋಸಮ್ ಅಮತ್’. ಹುಡುಗಿ, ಗುಲಾಬಿಯನ್ನು, ಪ್ರೀತಿಸುತ್ತಾಳೆ. ಕನ್ನಡದ್ದೇ ಕ್ರಮ! ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ. ‘ರೋಸಾ’ ಹೋಗಿ ‘ರೋಸಮ್’ ಆದದ್ದು ನಮ್ಮ ‘ಅನ್ನು’ ಪ್ರತ್ಯಯದ ಹಾಗೆ. ‘ಅಮೋ’ ಅಂದರೆ ‘ಪ್ರೀತಿಸುತ್ತೇನೆ’, ‘ನಾನು’ ಅಂತ ಬೇರೆ ಹೇಳಬೇಕಾಗಿಲ್ಲ, ಕನ್ನಡದಲ್ಲೂ ಬೇಕಾಗಿಲ್ಲ. ಜರ್ಮನ್ನಿನ ಹಾಗೆ ನಾಮಪದಕ್ಕೆ ಮೊದಲು ಡೆರ್, ಡೀ, ಡಾಸ್ (ಇಂಗ್ಲಿಷಿನ ‘ದ’ ಇದ್ದ ಹಾಗೆ) ಹಾಕುತ್ತಾ ಓಡಬೇಕಿಲ್ಲ. ಕ್ಲಾಸಿನ ಜರ್ಮನ್ ಮಕ್ಕಳಿಗೆ ಹೊಸದಾಗಿ ಕಾಣುವುದನ್ನು ನೀವು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ವಿವರಿಸಬಹುದು. ಅಗ್ನಿಗೆ ‘ಇಗ್ನಿಸ್’, ಸಪ್ತಕ್ಕೆ ‘ಸೆಪ್ಟೆಮ್’, ನವಕ್ಕೆ ‘ನೊವೆಮ್’. ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದಗಳಿಗೆ ಅಲ್ಲಿ ನೆಂಟರಿದ್ದಾರೆ. (ಸಂಸ್ಕೃತಕ್ಕೂ ಲ್ಯಾಟಿನ್ನಿಗೂ ನೆಂಟಸ್ತನ ಇದೆ ಅನ್ನುವಷ್ಟರ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿಯೇ. ಅದನ್ನು ಒಪ್ಪಿಕೊಳ್ಳಿ, ಸ್ವಲ್ಪ ತಣ್ಣಗಾಗುತ್ತಾರೆ.)

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸು ಫ್ರೆಂಚ್ ಕಡೆಗೇ ವಾಲುತ್ತದೆ. ಕಾರಣ ನಿಮ್ಮ ಪತ್ರದಲ್ಲೇ ಇದೆ, ಕಂಸದೊಳಗೆ.

ಕ್ಲಾಸಿನಲ್ಲಿ ಕೈ ಎತ್ತದ, ಅಜ್ಜಿಯ ಜೊತೆ ಮಾತಾಡದ ಹುಡುಗಿ ಗೊತ್ತಿಲ್ಲದ ಊರಿನ ಬೇಕರಿಗೆ ಒಬ್ಬಳೇ ಹೋಗಿ ಬ್ರೆಡ್ ಕೇಳಿದ್ದಾಳೆ. ಇದು ಸಣ್ಣ ವಿಷಯವಾ? ಕನ್ನಡದಲ್ಲಿ ಬಾಯಿಬಿಟ್ಟರೆ ನಗುತ್ತಾರೆ. ಜರ್ಮನ್‌ನಲ್ಲಿ ಅವಳ ಸುತ್ತ ಇರುವವರೆಲ್ಲ ಅದರಲ್ಲೇ ಹುಟ್ಟಿ ಬೆಳೆದವರು. ಫ್ರೆಂಚಿನಲ್ಲಿ ಅವಳು ಯಾರಿಗೂ ಸಾಲಗಾರಳಲ್ಲ. ತಪ್ಪಾದರೆ ಆಗಲಿ ಅನ್ನುವ ಧೈರ್ಯ ಅಲ್ಲಿ ಹುಟ್ಟಿದೆ. ನಾಚಿಕೆಯ ಮಗು ಅಂತ ಮಾತಿಲ್ಲದ ಭಾಷೆ ಕೊಟ್ಟರೆ ಅವಳಿಗೆ ಆರಾಮ ಆಗಬಹುದು. ಆದರೆ ಆ ಬೇಕರಿಯ ಬಾಗಿಲು ಅವಳೇ ತೆರೆದದ್ದು, ನಾವ್ಯಾಕೆ ಮುಚ್ಚೋಣ? ಸ್ಟ್ರಾಸ್‌ಬರ್ಗ್ ನಿಮಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯೊಳಗಿನ ದಾರಿ. ಕಲಿತದ್ದನ್ನು ಭಾನುವಾರವೇ ಆಡಿ ನೋಡಬಹುದು.

ಒಂದು ಎಚ್ಚರಿಕೆಯೂ ಇದೆ. ಫ್ರೆಂಚಿನಲ್ಲಿ ಬರೆಯುವುದೇ ಒಂದು, ಓದುವುದೇ ಒಂದು. ಡಿಕ್ಟೇಷನ್ ಬಂದಾಗ ಅಳುವ ದಿನಗಳು ಇರುತ್ತವೆ. ಬಾಯಿಮಾತಿಗೂ ಅಂಕ ಇದೆ. ಇದನ್ನು ಅವಳಿಗೆ ಈಗಲೇ ಹೇಳಿ.

ಗೆಳತಿಯ ಕಾರಣಕ್ಕೆ ನಿಮ್ಮವರು ಸಿಟ್ಟಾಗುವುದು ಬೇಡ. ಹನ್ನೊಂದು ವರ್ಷಕ್ಕೆ ಅದಕ್ಕಿಂತ ದೊಡ್ಡ ಕಾರಣ ಯಾವುದಿದೆ? ಮೂವತ್ತು ದಾಟಿದ ನಾವೂ ಪರಿಚಯದವರು ಇರುವ ಊರಲ್ಲೇ ಮನೆ ಹುಡುಕುತ್ತೇವೆ. ಆದರೆ ಒಂದು ಪ್ರಶ್ನೆ ಕೇಳಿ: ‘ಅವಳು ನಾಳೆ ಶಾಲೆ ಬಿಟ್ಟುಹೋದರೂ ನಿನಗೆ ಫ್ರೆಂಚ್ ಬೇಕಾ?’ ತಡವರಿಸದೆ ಹೂಂ ಅಂದರೆ ಆಯಿತು. ಯೋಚಿಸಲು ಶುರುಮಾಡಿದರೆ ಎರಡೂ ಭಾಷೆಯ ಒಂದೊಂದು ಪಾಠದಲ್ಲಿ ಕೂರಲು ಬಿಡುತ್ತೀರಾ ಎಂದು ಶಾಲೆಯಲ್ಲಿ ಕೇಳಿ. ಎಷ್ಟೋ ಶಾಲೆಗಳು ಅಂಥ ಅವಕಾಶ ಕೊಡುತ್ತವೆ. ಅಲ್ಲಿಂದ ಹೊರಬಂದಾಗ ಅವಳ ಮುಖ ನೋಡಿ, ಆಮೇಲೆ ಫಾರಂ ತುಂಬಿ. ಆ ಮುಖ ಲ್ಯಾಟಿನ್ ಅಂದರೆ ಲ್ಯಾಟಿನ್ನೇ ಬರೆಯಿರಿ, ನನ್ನ ಮಾತು ಮರೆತುಬಿಡಿ.

ನಿಮ್ಮ ಯಜಮಾನರಿಗೂ ಒಂದು ಕೆಲಸ ಕೊಡಿ, ಸೋತೆ ಅನ್ನಿಸಬಾರದು. ನಿಮ್ಮ ಊರಿಂದ ದೂರವಿಲ್ಲದ ಆಲೆನ್‌ನಲ್ಲಿ ಲೀಮೆಸ್ ಮ್ಯೂಸಿಯಂ ಇದೆ. ರೋಮನ್ ಸಾಮ್ರಾಜ್ಯದ ಗಡಿ (ಅದೇ ಲೀಮೆಸ್) ಹಾದುಹೋಗಿದ್ದ ಜಾಗ, ಕುದುರೆ ಸೈನಿಕರ ದೊಡ್ಡ ಕೋಟೆ ಇದ್ದದ್ದು ಅಲ್ಲೇ. ಒಂದು ಶನಿವಾರ ಅಪ್ಪ, ಮಗಳು ಇಬ್ಬರೇ ಹೋಗಿ ಕಲ್ಲಿನ ಮೇಲಿನ ಲ್ಯಾಟಿನ್ ಅಕ್ಷರ ಓದಿ ಬರಲಿ. ಪರೀಕ್ಷೆ ಇಲ್ಲದ ಲ್ಯಾಟಿನ್ ಅಪ್ಪನಿಂದಲೇ ಸಿಗಲಿ.

ಕೊನೆಗೆ ನೀವು ಕೇಳದೇ ಇದ್ದ ಮಾತು. ನನಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಕಾಡಿದ್ದು ಲ್ಯಾಟಿನ್ನೂ ಅಲ್ಲ, ಫ್ರೆಂಚೂ ಅಲ್ಲ, ಆ ಫೋನು. ಮುಂದಿನ ಸಲ ಕರೆ ಮಾಡುವ ಮೊದಲು ನೀವೇ ಅಮ್ಮನಿಗೆ ಹೇಳಿಡಿ: ಮೊಮ್ಮಗಳು ‘ನಾನು ಹೋಗಿದ್ದಾಳೆ’ ಅಂದರೂ ನಗಬಾರದು, ತಿದ್ದಲೂಬಾರದು. ಅಜ್ಜಿ ಸುಮ್ನೆ ಒಂದು ಪ್ರಶ್ನೆ ಕೇಳಲಿ, ಬೇಕರಿಯಲ್ಲಿ ಏನು ತಂದೆ ಪುಟ್ಟಾ, ಹೇಗಿತ್ತು ಅಂತ.