ಮರ್ಚೆಂಟ್ ನೇವಿ ಕೋರ್ಸಿಗೆ ಲೋನ್ ಬೇಗ ಸಿಗುತ್ತಾ, ಸ್ಕಾಲರ್‌ಶಿಪ್ಪಾ?

ಪಿಯುಸಿ ಮುಗಿದಿದೆ, ಡಿಎನ್‌ಎಸ್ (ಹಡಗು ನಡೆಸುವ ಡೆಕ್ ಆಫೀಸರ್ ಆಗಲು ಮಾಡುವ ಒಂದು ವರ್ಷದ ಡಿಪ್ಲೊಮಾ) ಸೇರಬೇಕು, ಖಾಸಗಿ ಕಾಲೇಜಿನವರು ಆರು ಲಕ್ಷ ಹೇಳಿದ್ದಾರೆ, ಮನೆಯಲ್ಲಿ ಅಷ್ಟಿಲ್ಲ ಅಂತ ಬರೆದಿದ್ದೀರಿ. 2014ರ ಮೇ ತಿಂಗಳಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡುತ್ತಿದ್ದೆ.

ಅಪ್ಪ ಮಲ್ಪೆಯಲ್ಲಿ ಮೀನುಗಾರಿಕೆ ಬೋಟು ನಡೆಸುವ ತಂಡೇಲ. ಮಗ ದೊಡ್ಡ ಹಡಗು ಹತ್ತುತ್ತಾನೆ ಅಂದಾಗ ಅವರಿಗೆ ನನಗಿಂತ ಜಾಸ್ತಿ ಖುಷಿ. ಸಾಲ ಸಿಗುವುದು ಕಷ್ಟವೇ ಆಗಲಿಲ್ಲ. ಆಗ 4 ಲಕ್ಷ ದಾಟಿದರೆ ಜಾಮೀನು ಬೇಕಿತ್ತು, ಸೋದರಮಾವ ಸಹಿ ಹಾಕಿದರು. ಅವರು ಹೈಸ್ಕೂಲ್ ಮೇಷ್ಟ್ರು. ಮೂರೇ ವಾರದಲ್ಲಿ 6 ಲಕ್ಷ ಮಂಜೂರಾಯಿತು. ಬೇಗ ಸಿಕ್ಕಿತಲ್ಲ ಅಂತ ಊರಿಡೀ ಹೇಳಿಕೊಂಡು ಬಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಹತ್ತಿರ ಸ್ಪಾನ್ಸರ್‌ಶಿಪ್ ಲೆಟರ್ ಇರಲಿಲ್ಲ. ಹಾಗಂದರೆ ಏನು ಅಂತಲೂ ಸರಿಯಾಗಿ ಗೊತ್ತಿರಲಿಲ್ಲ. ಕೋರ್ಸ್ ಶುರುವಾಗುವ ಮೊದಲೇ ಹಡಗು ಕಂಪನಿಯವರು ಪರೀಕ್ಷೆ ಮಾಡಿ, ಇಂಟರ್‌ವ್ಯೂ ಮಾಡಿ, ಇವನು ಪಾಸಾದರೆ ನಮ್ಮ ಹಡಗಿಗೆ ಕೆಡೆಟ್ (ತರಬೇತಿಯಲ್ಲಿರುವವನು) ಆಗಿ ತಗೊಳ್ಳುತ್ತೇವೆ ಅಂತ ಬರೆದುಕೊಡುವ ಕಾಗದ ಅದು. ಕಾಲೇಜಿನ ಕೌನ್ಸೆಲರ್‌ನ ಕೇಳಿದ್ದಕ್ಕೆ, "ಅದೆಲ್ಲ ಆಮೇಲೆ ನೋಡೋಣ, ಮೊದಲು ಸೀಟು ಬ್ಲಾಕ್ ಮಾಡಿ" ಅಂದರು. ಅವರ ಬ್ರೋಷರ್ ಇವತ್ತಿಗೂ ನನ್ನ ಹತ್ತಿರ ಇದೆ. ಬಿಳಿ ಯೂನಿಫಾರ್ಮ್ ಹಾಕಿದ ನಾಲ್ಕು ಹುಡುಗರು, ಅವರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿ '100% ಪ್ಲೇಸ್‌ಮೆಂಟ್', ಅದರ ಕೆಳಗೆ ಸಣ್ಣದಾಗಿ 'ಅಸಿಸ್ಟೆನ್ಸ್'. ನಾನು ಓದಿದ್ದು ದಪ್ಪ ಅಕ್ಷರ ಮಾತ್ರ. ಸಹಾಯ ಮಾಡುತ್ತೇವೆ ಅನ್ನುವುದಕ್ಕೂ ಕೆಲಸ ಕೊಡಿಸುತ್ತೇವೆ ಅನ್ನುವುದಕ್ಕೂ ಎಷ್ಟು ದೂರ ಅಂತೀರಾ? ನನ್ನ ಲೆಕ್ಕದಲ್ಲಿ ಹದಿನೈದು ತಿಂಗಳು ದೂರ.

2015ರ ಆಗಸ್ಟ್‌ನಲ್ಲಿ ಕೋರ್ಸ್ ಮುಗಿಯಿತು. ಹಡಗು ಸಿಕ್ಕಿದ್ದು 2016ರ ನವೆಂಬರ್‌ನಲ್ಲಿ. ಅಷ್ಟು ದಿನ ನವಿ ಮುಂಬೈಯ ಬೇಲಾಪುರದಲ್ಲಿ ಆಫೀಸಿಂದ ಆಫೀಸಿಗೆ ಫೈಲ್ ಹಿಡಿದು ಅಲೆದೆ. ಒಬ್ಬ ಏಜೆಂಟ್ ಮೂರು ಲಕ್ಷ ಕೊಟ್ಟರೆ ವಾರದಲ್ಲಿ ಹತ್ತಿಸುತ್ತೇನೆ ಅಂದ. ಅಪ್ಪನಿಗೆ ಫೋನ್ ಮಾಡಿದರೆ, "ಸಾಲದ ಮೇಲೆ ಸಾಲ ಬೇಡ ಮಾರಾಯ, ವಾಪಸ್ ಬಾ" ಅಂದರು. (ಹಡಗಿನಲ್ಲಿ ಕೆಲಸ ಕೊಡಿಸುವುದಕ್ಕೆ ನಮ್ಮಂಥವರ ಹತ್ತಿರ ದುಡ್ಡು ತಗೊಳ್ಳುವುದೇ ಕಾನೂನಿಗೆ ವಿರುದ್ಧ. ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿಜಿ ಶಿಪ್ಪಿಂಗ್‌ನಿಂದ ಆರ್‌ಪಿಎಸ್‌ಎಲ್ ಅನ್ನುವ ನೇಮಕಾತಿ ಲೈಸೆನ್ಸ್ ಪಡೆದ ಕಂಪನಿಯ ಮೂಲಕವೇ ಹೋಗಬೇಕು.)

ಬ್ಯಾಂಕು ಇದಕ್ಕೆಲ್ಲ ಕಾಯುತ್ತಾ? ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರು. ಕೋರ್ಸಿನ ವರ್ಷ, ಆಮೇಲಿನ ವರ್ಷ, ಎರಡರ ಬಡ್ಡಿಯೂ ಅಸಲಿಗೆ ಸೇರಿ, ತಿಂಗಳಿಗೆ ಸುಮಾರು 13 ಸಾವಿರ. ಹಡಗು ಹತ್ತಿದ ಕೂಡಲೇ ಸಂಬಳ ಅಂದುಕೊಂಡಿದ್ದೆ. ಕೆಡೆಟ್‌ಗೆ ಸಿಗುವುದು ಸ್ಟೈಪೆಂಡ್. ನನಗೆ 350 ಡಾಲರ್, ಅದೂ ಹಡಗಿನಲ್ಲಿದ್ದಷ್ಟು ದಿನ ಮಾತ್ರ. ಡಿಎನ್‌ಎಸ್ ಮಾಡಿದವರಿಗೆ 18 ತಿಂಗಳ ಸೀ ಟೈಮ್, ಅಂದರೆ ಹಡಗಿನಲ್ಲಿ ಕಳೆದ ಸಮಯ, ಆಗಬೇಕು. ಆಮೇಲೆ ದಡದಲ್ಲಿ ಮತ್ತೆ ಕೋರ್ಸುಗಳು, ಆಫೀಸರ್ ಆಗಲು ಬೇಕಾದ ಸೆಕೆಂಡ್ ಮೇಟ್ ಪರೀಕ್ಷೆ, ಓರಲ್ಸ್ (ಮೌಖಿಕ ಪರೀಕ್ಷೆ). ಅದಕ್ಕೆ ಬೇರೆ ಖರ್ಚು. ನಾನು ಥರ್ಡ್ ಆಫೀಸರ್ ಆಗಿ ಮೊದಲ ಸಂಬಳ ಎಣಿಸಿದ್ದು 2019ರ ಕೊನೆಗೆ. ಒಂದು ವರ್ಷದ ಕೋರ್ಸ್ ಅಂತ ಸಾಲ ತೆಗೆದು ಐದು ವರ್ಷ ಆಗಿತ್ತು.

2017ರ ಜೂನ್ ಮಾತ್ರ ಮರೆಯಲ್ಲ. ನಾನು ಮೊದಲ ಕಾಂಟ್ರಾಕ್ಟ್ ಮುಗಿಸಿ ಮನೆಯಲ್ಲಿ, ಸ್ಟೈಪೆಂಡ್ ಇಲ್ಲ. ಜೂನ್, ಜುಲೈ ಮೀನುಗಾರಿಕೆಗೆ ರಜೆ, ಬೋಟೆಲ್ಲ ಬಂದರಿನ ಧಕ್ಕೆಯಲ್ಲಿ, ಅಪ್ಪನೂ ಮನೆಯಲ್ಲಿ. ಇಬ್ಬರೂ ಎದುರುಬದುರು ಕೂತು ಮಳೆ ನೋಡುತ್ತಿದ್ದೆವು. ಬ್ಯಾಂಕಿನವರು ನನ್ನನ್ನು ಬಿಟ್ಟು ಮಾವನಿಗೆ ಫೋನ್ ಮಾಡಿದರು, ಶಾಲೆಯ ಸ್ಟಾಫ್ ರೂಮಿಗೆ. ಮಾವ ನಮಗೊಂದು ಮಾತೂ ಹೇಳದೆ ಎರಡು ಕಂತು ಕಟ್ಟಿದ್ದರು. ಗೊತ್ತಾದ ದಿನ ಅಮ್ಮ ಬಳೆ ಬಿಚ್ಚಿ ಅಡವಿಡಲು ಸೊಸೈಟಿಗೆ ಹೋದರು.

ಹಾಗಾಗಿ ಲೋನಾ ಸ್ಕಾಲರ್‌ಶಿಪ್ಪಾ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣಲ್ಲ. ಮೊದಲು ಸ್ಪಾನ್ಸರ್‌ಶಿಪ್. ಐಎಂಯು ಸಿಇಟಿ (ಮರ್ಚೆಂಟ್ ನೇವಿ ಕೋರ್ಸುಗಳ ಪ್ರವೇಶ ಪರೀಕ್ಷೆ) ಬರೆಯಿರಿ, ಜೊತೆಜೊತೆಗೇ ಕಂಪನಿಗಳ ಪರೀಕ್ಷೆಗೂ ಅರ್ಜಿ ಹಾಕಿ. ಹಡಗು ಕಂಪನಿಗಳಲ್ಲಿ ಗ್ರೇಟ್ ಈಸ್ಟರ್ನ್‌ಗೆ ಲೋನಾವಳದಲ್ಲಿ, ಆಂಗ್ಲೋ ಈಸ್ಟರ್ನ್‌ಗೆ ಕರ್ಜತ್‌ನಲ್ಲಿ ಸ್ವಂತ ಕಾಲೇಜುಗಳೇ ಇವೆ. ಲೆಟರ್ ಕೈಗೆ ಬರದಿದ್ದರೆ ಈ ವರ್ಷ ಆರು ಲಕ್ಷ ಕಟ್ಟಲೇಬೇಡಿ. ಮುಂದಿನ ವರ್ಷ ಮತ್ತೆ ಬರೆಯಿರಿ. ಒಂದು ವರ್ಷ ಸುಮ್ನೆ ಹೋಯಿತು ಅಂತ ನೆಂಟರು ಅಂದರೆ ಅನ್ನಲಿ, ಕಂತು ಅವರು ಕಟ್ಟಲ್ಲ.

ಲೆಟರ್ ಇದ್ದರೆ ಸಾಲ ಧೈರ್ಯವಾಗಿ ತಗೊಳ್ಳಿ. ಕುಟುಂಬದ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದರೆ, ಕಂತು ಶುರುವಾಗುವವರೆಗಿನ ಬಡ್ಡಿಯನ್ನು ಕೇಂದ್ರ ಸರ್ಕಾರ ತುಂಬುವ ಯೋಜನೆ ಇದೆ. ಆದರೆ ಎಲ್ಲ ಕಾಲೇಜಿಗೂ ಅನ್ವಯ ಆಗಲ್ಲ. ನಿಮ್ಮ ಕಾಲೇಜಿಗೆ ಆಗುತ್ತಾ ಅಂತ ಫೀಸು ಕಟ್ಟುವ ಮೊದಲು ಬ್ಯಾಂಕಿನಲ್ಲೇ ಕೇಳಿ, ಕಾಲೇಜಿನಲ್ಲಿ ಬೇಡ. ಯೋಜನೆ ಸಿಗದಿದ್ದರೆ ಓದುವಾಗಲೇ ತಿಂಗಳ ಬಡ್ಡಿಯನ್ನಾದರೂ ಕಟ್ಟುತ್ತಾ ಬನ್ನಿ.

ಇನ್ನೊಂದು, ಇದಕ್ಕೆಲ್ಲ ಮೊದಲು ಡಿಜಿ ಶಿಪ್ಪಿಂಗ್ ಒಪ್ಪಿದ ಡಾಕ್ಟರ್ ಹತ್ತಿರ ಕಣ್ಣು ತೋರಿಸಿ. ಬಣ್ಣಗುರುಡು ಇದ್ದರೆ ಡೆಕ್ ಕೆಲಸಕ್ಕೆ ತಗೊಳ್ಳಲ್ಲ. ನಮ್ಮ ಬ್ಯಾಚಿನ ಒಬ್ಬನಿಗೆ ಇದು ಗೊತ್ತಾಗಿದ್ದು ಮೊದಲ ಕಂತಿನ ಫೀಸು ಕಟ್ಟಿದ ಮೇಲೆ.